ಇಪ್ಪತ್ತೆಂಟು ಕುರ್ಚಿಗಳಲ್ಲಿ ನಮ್ಮ ನಾಲಿಗೆ ಎಲ್ಲಿದೆ?



ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ಕರ್ನಾಟಕದ ಮೇಲೆ ಪ್ರೀತಿ ಉಕ್ಕಿ ಹರೀತಿದೆ. ದಿಲ್ಲಿಯ ಲೋಕಸಭೆಯಲ್ಲಿ ನಮ್ಮ ನಾಡಿನ ತೂಕ ಕಡಿಮೆಯಾಗಿಬಿಡುತ್ತದಂತೆ, ಉತ್ತರದವರು ನಮ್ಮನ್ನು ನುಂಗಿಬಿಡ್ತಾರಂತೆ, ಕನ್ನಡಿಗರೆಲ್ಲ ಒಂದಾಗಬೇಕಂತೆ. ವಿಜಯನಗರ, ರಾಜಾಜಿನಗರ, ಕೆಂಗೇರಿ ಕಡೆಯ ಹಾಸ್ಟೆಲುಗಳಿಗೂ ಕರೆ ಬರುತ್ತಿದೆ. ಸಭೆಗೆ ಬನ್ನಿ, ಫಲಕ ಹಿಡಿಯಿರಿ, ಘೋಷಣೆ ಕೂಗಿ ಅಂತ. ಸಭೆಗೆ ಜನ ಸಾಲದಾದಾಗ ಹಾಸ್ಟೆಲು ನೆನಪಾಗುವುದು ಹೊಸದೇನಲ್ಲ. ಬಸ್ಸು ಕಳಿಸ್ತಾರೆ, ಪಲಾವಿನ ಪೊಟ್ಟಣ ಕೊಡ್ತಾರೆ, ಕತ್ತಲಾಗೋದರೊಳಗೆ ತಂದು ಬಿಡ್ತಾರೆ.

ಹೋಗಬೇಡಿ ಅಂತ ನಾನು ಹೇಳೋದಿಲ್ಲ. ಅವರು ಕೂಗ್ತಿರೋದರಲ್ಲಿ ಸತ್ಯವಿದೆ. ಲೆಕ್ಕ ನೋಡಿ. 1971ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನ 2.93 ಕೋಟಿ. ಆ ಲೆಕ್ಕ ಹಿಡಿದು ಕ್ಷೇತ್ರ ಕೊಯ್ದರು, 1977ರ ಚುನಾವಣೆಯಿಂದ ನಮ್ಮದು 28 ಕುರ್ಚಿ. ಅಷ್ಟರಲ್ಲಿ 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಸಂವಿಧಾನದ 42ನೇ ತಿದ್ದುಪಡಿ ತಂದು ರಾಜ್ಯ ರಾಜ್ಯಗಳ ಕುರ್ಚಿ ಸಂಖ್ಯೆಯನ್ನು ಅಲ್ಲೇ ಮೊಳೆ ಹೊಡೆದು ನಿಲ್ಲಿಸಿದರು. 2001ರಲ್ಲಿ 84ನೇ ತಿದ್ದುಪಡಿ ತಂದು, 2026ರ ನಂತರದ ಮೊದಲ ಜನಗಣತಿಯವರೆಗೆ ಅಂತ ಗಡುವು ಮುಂದೂಡಿದರು. ಮಕ್ಕಳು ಕಡಿಮೆ ಮಾಡಿಕೊಂಡ ರಾಜ್ಯಕ್ಕೆ ಶಿಕ್ಷೆ ಬೇಡ ಅನ್ನೋದು ಅದರ ಹಿಂದಿನ ಮಾತು. 1971ರಲ್ಲಿ ಒಬ್ಬ ಎಂ.ಪಿ.ಗೆ ಸುಮಾರು ಹತ್ತೂವರೆ ಲಕ್ಷ ಜನ, 2011ಕ್ಕೆ ಹೆಚ್ಚು ಕಡಿಮೆ 22 ಲಕ್ಷ ಜನ. ಮೊಳೆ ಕಿತ್ತು ಬರೀ ತಲೆ ಎಣಿಸಿದರೆ ದಕ್ಷಿಣದ ಪಾಲು ಕುಗ್ಗೋದು ಖಂಡಿತ. 2025ರ ಮಾರ್ಚ್ 22ರಂದು ಚೆನ್ನೈನಲ್ಲಿ ದಕ್ಷಿಣದವರೆಲ್ಲ ಸೇರಿ ಸಭೆ ಮಾಡಿದ್ದು ಇದಕ್ಕೇ, ನಮ್ಮ ರಾಜ್ಯದಿಂದ ಡಿ.ಕೆ. ಶಿವಕುಮಾರ್ ಹೋಗಿದ್ದರು.

ಸರಿ. ಈಗ ನನ್ನದೊಂದು ಪ್ರಶ್ನೆ. ಈ 28ರ ಒಳಗೆ ಏನಿದೆ?

2009ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಐದು: ಕೋಲಾರ, ಚಾಮರಾಜನಗರ, ಚಿತ್ರದುರ್ಗ, ವಿಜಯಪುರ, ಕಲಬುರಗಿ. ಪರಿಶಿಷ್ಟ ಪಂಗಡಕ್ಕೆ ಎರಡು: ಬಳ್ಳಾರಿ, ರಾಯಚೂರು. ಅದಕ್ಕೆ ಮೊದಲು ಜಾತಿಗೆ ನಾಲ್ಕೇ ಇದ್ದವು. ಕೋಲಾರ, ಚಾಮರಾಜನಗರದ ಜೊತೆ ಬೀದರ್, ಚಿಕ್ಕೋಡಿ. 2011ರ ಗಣತಿಯಲ್ಲಿ ನಾವು ನೂರಕ್ಕೆ 17 ಚಿಲ್ಲರೆ. 28ಕ್ಕೆ ಐದು ಅಂದರೆ ಅಂಕಿಯಲ್ಲಿ ಮೋಸವಿಲ್ಲ. ಕುರ್ಚಿ ಎಣಿಸಿದರೆ ನಮ್ಮ ಪಾಲು ನಮಗೆ ಬಂದಿದೆ. ಹಾಗಿದ್ದರೂ ಎಪ್ಪತ್ತು ವರ್ಷದಿಂದ ಅಲ್ಲಿ ಕೂತವರ ಬಾಯಲ್ಲಿ ಕೇರಿಯ ಮಾತು ಯಾಕೆ ಬರೋದಿಲ್ಲ? ಬಂದರೂ ಯಾಕೆ ಗಂಟಲಲ್ಲೇ ನಿಲ್ಲುತ್ತೆ?

ಅವರೆಲ್ಲ ಕೆಟ್ಟವರು ಅಂತ ಬೈದು ಕೈತೊಳೆದುಕೊಳ್ಳೋದು ಸುಲಭ. ಹಾಸ್ಟೆಲಿನ ಜಗಲಿಯ ಮೇಲೆ ಕೂತು ನಾವೆಲ್ಲ ಮಾಡೋದು ಅದನ್ನೇ. ಆ ಕುರ್ಚಿಗಳನ್ನು ಮಾಡಿದ ಬಡಗಿ ಯಾರು, ಯಾವ ಅಳತೆ ಹಿಡಿದು ಮಾಡಿದ ಅಂತ ಒಂದು ಸಲ ನೋಡೋಣ.

ಮೈಸೂರು ಮಾದರಿ ಸಂಸ್ಥಾನ ಅಂತ ಪ್ರೈಮರಿ ಸ್ಕೂಲಿನಿಂದ ಓದಿಸಿದ್ದಾರೆ. 1881ರಲ್ಲೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಮಾಡಿದರು ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೇವೆ. ಆ ಮೊದಲ ಸಭೆಗೆ ಬಂದವರು ಜಮೀನುದಾರರು, ವ್ಯಾಪಾರಿಗಳು. ಆ ಪ್ರಜೆಯ ಪಟ್ಟಿಯಲ್ಲಿ ನಮ್ಮ ಮುತ್ತಜ್ಜ ಇರಲಿಲ್ಲ. ಇನ್ನು ದಿಲ್ಲಿ ವಿಷಯಕ್ಕೆ ಬಂದರೆ, ಸಂಸ್ಥಾನದ ಜನಕ್ಕೆ ಬ್ರಿಟಿಷರ ಕಾಲದ ಕೇಂದ್ರ ಶಾಸನಸಭೆಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ. 1935ರ ಕಾಯ್ದೆಯಲ್ಲಿ ಸಂಸ್ಥಾನಗಳಿಗೆ ಕುರ್ಚಿ ಇಟ್ಟಿದ್ದರು, ಆದರೆ ಆರಿಸಿ ಕಳಿಸೋನು ರಾಜ. ಆ ಒಕ್ಕೂಟ ಜಾರಿಗೇ ಬರಲಿಲ್ಲ.

ಹಾಗಾಗಿ ಮೈಸೂರು ಮೊಟ್ಟಮೊದಲು ದಿಲ್ಲಿಯಲ್ಲಿ ಕೂತಿದ್ದು ಸಂವಿಧಾನ ರಚನಾ ಸಭೆಯಲ್ಲಿ. ಏಳು ಜನ. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ ಇವರ ಹೆಸರು ಎಲ್ಲರಿಗೂ ಗೊತ್ತು, ರಸ್ತೆಗಳಿಗೆ ಇಟ್ಟಿದ್ದಾರೆ. ಏಳರಲ್ಲಿ ಒಬ್ಬರು ನಮ್ಮವರು, ಟಿ. ಚನ್ನಯ್ಯ. ಕೋಲಾರದಲ್ಲಿ ಅವರ ಹೆಸರಿನ ರಂಗಮಂದಿರವಿದೆ, ಅಲ್ಲಿ ನಾಟಕ ನೋಡಿದ ನಮ್ಮ ಹುಡುಗರಿಗೇ ಆತ ಯಾರು ಅಂತ ಗೊತ್ತಿಲ್ಲ. 1948ರ ನವೆಂಬರಿನಲ್ಲಿ ಸರ್ಕಾರಿ ಕೆಲಸದ ಮೀಸಲಾತಿಯ ಚರ್ಚೆ ನಡೆದಾಗ ಚನ್ನಯ್ಯ ಎದ್ದು ನಿಂತರು. ಉಳಿದವರು ಹತ್ತು ವರ್ಷ ಸಾಕು ಅನ್ನುತ್ತಿದ್ದಾಗ, ಅವಕಾಶ ಕಿತ್ತುಕೊಂಡಿದ್ದು ನೂರೈವತ್ತು ವರ್ಷ, ಆದ್ದರಿಂದ ಮೀಸಲಾತಿಯೂ ನೂರೈವತ್ತು ವರ್ಷ ಇರಲಿ ಅನ್ನುವ ಅರ್ಥದಲ್ಲಿ ಮಾತಾಡಿದರು. ನಮಗೆ ಗೊತ್ತು, ಕಿತ್ತುಕೊಂಡಿದ್ದು ನೂರೈವತ್ತಲ್ಲ, ಸಾವಿರಗಟ್ಟಲೆ ವರ್ಷ. ಇರಲಿ. ಆ ಮನುಷ್ಯನಿಗೆ ನಾಲಿಗೆ ಇತ್ತು.

1952ರ ಮೊದಲ ಚುನಾವಣೆಯಲ್ಲಿ ಹಳೇ ಮೈಸೂರಿಗೆ 11 ಎಂ.ಪಿ.ಗಳು, ಕ್ಷೇತ್ರ ಮಾತ್ರ ಒಂಬತ್ತು. ಕಾರಣ, ಕೋಲಾರ ಮತ್ತು ಮೈಸೂರು ದ್ವಿಸದಸ್ಯ ಕ್ಷೇತ್ರಗಳು. ಒಂದೇ ಕ್ಷೇತ್ರ, ಜೋಡಿ ಕುರ್ಚಿ. ಪ್ರತಿ ಮತದಾರನಿಗೂ ಎರಡು ಓಟು. ಕೋಲಾರದಿಂದ ಎಂ.ವಿ. ಕೃಷ್ಣಪ್ಪನವರ ಜೊತೆ ನಮ್ಮ ದೊಡ್ಡತಿಮ್ಮಯ್ಯ, ಮೈಸೂರಿನಿಂದ ಎಂ.ಎಸ್. ಗುರುಪಾದಸ್ವಾಮಿಯವರ ಜೊತೆ ನಮ್ಮ ಎನ್. ರಾಚಯ್ಯ. 1956ರಲ್ಲಿ ರಾಜ್ಯ ದೊಡ್ಡದಾಯಿತು, 1957ಕ್ಕೆ ಕುರ್ಚಿ 26 ಆಯಿತು, ಗುಲ್ಬರ್ಗವೂ ಜೋಡಿ ಕ್ಷೇತ್ರವಾಯಿತು. ಅಲ್ಲಿಂದ ಶಂಕರದೇವ್, ಮೈಸೂರಿನಿಂದ ಎಸ್.ಎಂ. ಸಿದ್ದಯ್ಯ, ಕೋಲಾರದಿಂದ ಮತ್ತೆ ದೊಡ್ಡತಿಮ್ಮಯ್ಯ.

ಈ ಜೋಡಿ ಕುರ್ಚಿಯಲ್ಲಿ ಒಂದು ಸೂಕ್ಷ್ಮವಿತ್ತು, ಅದನ್ನು ಗಮನಿಸಿ. ಮೊದಲು ಪರಿಶಿಷ್ಟ ಅಭ್ಯರ್ಥಿಗಳಲ್ಲಿ ಹೆಚ್ಚು ಓಟು ತಗೊಂಡವನಿಗೆ ಮೀಸಲು ಕುರ್ಚಿ ಕೊಡಬೇಕು. ಆಮೇಲೆ ಉಳಿದವರಲ್ಲಿ ಯಾವ ಜಾತಿಯವನೇ ಆಗಲಿ, ಹೆಚ್ಚು ಓಟು ತಗೊಂಡವನಿಗೆ ಎರಡನೇದು. ಅಂದರೆ ಎರಡನೇ ಕುರ್ಚಿಯ ಮೇಲೆ ಯಾವ ಜಾತಿಯ ಹೆಸರೂ ಬರೆದಿರಲಿಲ್ಲ. ಅದು ಎಲ್ಲರದು ಅಂತ ಕಾನೂನು ಹೇಳುತ್ತಿತ್ತು, ಅದು ನಮ್ಮದು ಅಂತ ಉಳ್ಳವರು ತಿಳಿದುಕೊಂಡಿದ್ದರು.

1957ರಲ್ಲಿ ಪಕ್ಕದ ಆಂಧ್ರದ ಪಾರ್ವತೀಪುರಂನಲ್ಲಿ ಈ ತಿಳುವಳಿಕೆಗೆ ಪೆಟ್ಟು ಬಿತ್ತು. ಅದು ಪರಿಶಿಷ್ಟ ಪಂಗಡದ ಜೋಡಿ ಕ್ಷೇತ್ರ. ಅಲ್ಲಿ ನಿಂತಿದ್ದವರು ಕೇಂದ್ರದಲ್ಲಿ ಕಾರ್ಮಿಕ ಮಂತ್ರಿಯಾಗಿದ್ದ ವಿ.ವಿ. ಗಿರಿ. ಎರಡೂ ಕುರ್ಚಿಗೆ ಗೆದ್ದವರು ಬುಡಕಟ್ಟಿನವರು! ಮೀಸಲು ಕುರ್ಚಿ ಒಬ್ಬರಿಗೆ ಹೋಯಿತು, ಸಾಮಾನ್ಯ ಕುರ್ಚಿ ದಿಪ್ಪಲ ಸೂರಿ ದೊರ ಅನ್ನುವವರಿಗೆ. ಗಿರಿಯವರು ಕೋರ್ಟಿಗೆ ಹೋದರು. ಮೀಸಲು ಜನ ಮೀಸಲು ಕುರ್ಚಿಯಲ್ಲಿ ಕೂರಬೇಕು, ಸಾಮಾನ್ಯದಲ್ಲಿ ಕೂರೋ ಹಾಗಿಲ್ಲ ಅನ್ನೋದು ವಾದದ ತಿರುಳು. 1959ರಲ್ಲಿ ಸುಪ್ರೀಂ ಕೋರ್ಟು, ಅದೆಲ್ಲ ಆಗೋದಿಲ್ಲ, ಓಟು ಜಾಸ್ತಿ ಬಂದಿದೆ, ಸೂರಿ ದೊರ ಗೆದ್ದಿದ್ದಾರೆ ಅಂತ ಹೇಳಿತು. ಗಿರಿಯವರು ಆಮೇಲೆ ನಮ್ಮ ಮೈಸೂರು ರಾಜ್ಯಕ್ಕೇ ರಾಜ್ಯಪಾಲರಾಗಿ ಬಂದರು, 1969ರಲ್ಲಿ ರಾಷ್ಟ್ರಪತಿಯೂ ಆದರು. ಸೂರಿ ದೊರ ಹೆಸರು ನಿಮ್ಮ ಎಷ್ಟು ಪಠ್ಯಪುಸ್ತಕದಲ್ಲಿದೆ?

ಕೋರ್ಟಿನಲ್ಲಿ ಸೋತದ್ದನ್ನು ಪಾರ್ಲಿಮೆಂಟಿನಲ್ಲಿ ಗೆದ್ದರು. 1961ರಲ್ಲಿ ದ್ವಿಸದಸ್ಯ ಕ್ಷೇತ್ರಗಳ ರದ್ದತಿ ಕಾಯ್ದೆ ಬಂತು. ಕ್ಷೇತ್ರ ತೀರಾ ದೊಡ್ಡದು, ಖರ್ಚು ಜಾಸ್ತಿ, ಓಡಾಡೋಕೆ ಆಗಲ್ಲ ಅಂತ ಕಾರಣ ಕೊಟ್ಟರು. ಅದರಲ್ಲೂ ನಿಜವಿದೆ, ಬಡ ಅಭ್ಯರ್ಥಿಗೆ ಎರಡು ಜಿಲ್ಲೆ ಸುತ್ತೋದು ಕಷ್ಟವೇ. ಆದರೆ ಸೂರಿ ದೊರ ಗೆದ್ದ ಮೇಲೆ ಈ ಕಷ್ಟ ಕಣ್ಣಿಗೆ ಬಿತ್ತಲ್ಲ, ಅದನ್ನು ಮರೆಯಬೇಡಿ. 1962ರಿಂದ ಗೋಡೆ ಕಟ್ಟಿಯಾಯಿತು. ಇದು ಮೀಸಲು, ನಿಮ್ಮದು. ಅದು ಜನರಲ್ಲು, ನಮ್ಮದು. ಊರು ಬೇರೆ ಕೇರಿ ಬೇರೆ ಅನ್ನೋದನ್ನ ಕ್ಷೇತ್ರದ ನಕ್ಷೆಯಲ್ಲೂ ಬರೆದುಬಿಟ್ಟರು.

ಮೀಸಲು ಕುರ್ಚಿಗೆ ಎಲ್ಲ ಜಾತಿಯವರೂ ಓಟು ಹಾಕೋ ಈ ಪದ್ಧತಿ ಎಲ್ಲಿಂದ ಬಂತು ಅಂತ ತಿಳಿಯೋಕೆ ಇನ್ನೂ ಹಿಂದಕ್ಕೆ, 1932ಕ್ಕೆ ಹೋಗಬೇಕು. ದಾರಿ ದೂರವೇನಿಲ್ಲ, ಮೆಜೆಸ್ಟಿಕ್ಕಿನಿಂದ ನಾವು ಹತ್ತೋ ಬಸ್ಸಿನ ಬೋರ್ಡಿನ ಮೇಲೇ ಇದೆ. ರಾಜಾಜಿನಗರ! ಈ ರಾಜಾಜಿ ಅಂದರೆ ಚಕ್ರವರ್ತಿ ರಾಜಗೋಪಾಲಾಚಾರಿ. 1932ರ ಸೆಪ್ಟೆಂಬರ್ 24ರಂದು ಯರವಾಡದಲ್ಲಿ ಪೂನಾ ಒಪ್ಪಂದಕ್ಕೆ ರುಜು ಹಾಕಿದವರಲ್ಲಿ ಅವರೂ ಒಬ್ಬರು. ರುಜು ಆದ ಖುಷಿಯಲ್ಲಿ ತಮ್ಮ ಪೆನ್ನನ್ನು ಬಾಬಾಸಾಹೇಬರಿಗೆ ಕೊಟ್ಟು ಅವರ ಪೆನ್ನನ್ನು ತಾವು ತಗೊಂಡರು ಅಂತ ಜೀವನಚರಿತ್ರೆಯಲ್ಲಿ ಬರುತ್ತೆ. ಪೆನ್ನು ಬದಲಾಯಿತು. ಬಾಬಾಸಾಹೇಬರು ಅವತ್ತು ಕಳಕೊಂಡದ್ದು ಪೆನ್ನಲ್ಲ ಕಣ್ರಪ್ಪ.

ಅದಕ್ಕೆ ಒಂದು ತಿಂಗಳ ಹಿಂದೆ, ಆಗಸ್ಟಿನಲ್ಲಿ ಬಂದ ಬ್ರಿಟಿಷರ ಕೋಮುವಾರು ತೀರ್ಪಿನಲ್ಲಿ ಅಸ್ಪೃಶ್ಯರಿಗೆ ಎರಡು ಓಟು ಕೊಟ್ಟಿದ್ದರು. ಒಂದು ಓಟು ತಮ್ಮ ಪ್ರತಿನಿಧಿಯನ್ನು ತಾವೇ ಆರಿಸಿಕೊಳ್ಳೋಕೆ, ಇನ್ನೊಂದು ಸಾಮಾನ್ಯ ಕ್ಷೇತ್ರದಲ್ಲಿ. ಎರಡನೇ ಓಟು ಕೈಯಲ್ಲಿದ್ದರೆ ಮೇಲ್ಜಾತಿಯ ಅಭ್ಯರ್ಥಿಯೂ ಕೇರಿಗೆ ಬಂದು ಕೈ ಮುಗಿಯಬೇಕಿತ್ತು. ಗಾಂಧೀಜಿ ಉಪವಾಸ ಕೂತರು. ಒಬ್ಬ ಮನುಷ್ಯನ ಪ್ರಾಣ ಒಂದು ಕಡೆ, ದೇಶದ ಹಳ್ಳಿಹಳ್ಳಿಯಲ್ಲಿ ನಮ್ಮ ಗುಡಿಸಲಿಗೆ ಬೀಳಬಹುದಾದ ಬೆಂಕಿ ಇನ್ನೊಂದು ಕಡೆ. ಒಪ್ಪಂದವಾಯಿತು. ಪ್ರಾಂತಗಳಲ್ಲಿ ಕುರ್ಚಿಯ ಸಂಖ್ಯೆ 148ಕ್ಕೆ ಏರಿತು, ಮದ್ರಾಸಿಗೆ 30, ಮುಂಬೈಗೆ 15. ಕುರ್ಚಿ ಏರಿತು, ಎರಡು ಓಟು ಹೋಯಿತು.

ಪೂರ್ತಿ ಬರಿಗೈಲಿ ಕಳಿಸಲಿಲ್ಲ ಅನ್ನೋದೂ ನಿಜ. ಹತ್ತು ವರ್ಷದ ಮಟ್ಟಿಗೆ ಒಂದು ಏರ್ಪಾಡು ಇತ್ತು. ಮೀಸಲು ಕುರ್ಚಿಗೆ ಮೊದಲು ನಮ್ಮ ಜನವೇ ಓಟು ಹಾಕಿ ನಾಲ್ವರನ್ನು ಆರಿಸಬೇಕು. ಆಮೇಲೆ ಎಲ್ಲರೂ ಸೇರಿ ಆ ನಾಲ್ವರಲ್ಲಿ ಒಬ್ಬನನ್ನು ಆರಿಸಬೇಕು. ಅಂದರೆ ಗೆಲ್ಲೋನು ಕನಿಷ್ಠ ಪಕ್ಷ ಕೇರಿಯ ಜರಡಿಯಲ್ಲಿ ಒಂದು ಸಲ ಹಾದು ಬಂದಿರಬೇಕು. ಸ್ವತಂತ್ರ ಭಾರತದ ಚುನಾವಣೆಯಲ್ಲಿ ಆ ಜರಡಿಯೂ ಉಳಿಯಲಿಲ್ಲ.

ಫಲ ಏನಾಗುತ್ತೆ ಅಂತ ನೋಡೋಕೆ ಬಹಳ ಕಾಯಬೇಕಾಗಲಿಲ್ಲ. ಎಂ.ಸಿ. ರಾಜಾ ಅಂತ ಮದ್ರಾಸಿನ ಹಿರಿಯರು, ಕೇಂದ್ರ ಶಾಸನಸಭೆಗೆ ನಾಮಕರಣವಾದ ಮೊದಲ ಅಸ್ಪೃಶ್ಯ ಸದಸ್ಯ. 1932ರಲ್ಲಿ ಬಾಬಾಸಾಹೇಬರ ಎದುರು ನಿಂತು, ಹಿಂದೂಗಳ ಜೊತೆ ಜಂಟಿಯಾಗೇ ಓಟು ಹಾಕೋಣ ಅಂತ ಮೂಂಜೆಯವರ ಜೊತೆ ಒಪ್ಪಂದ ಮಾಡಿಕೊಂಡವರು. ಅದೇ ರಾಜಾ 1938ರಲ್ಲಿ ಮದ್ರಾಸ್ ಶಾಸನಸಭೆಯಲ್ಲಿ ದೇವಸ್ಥಾನ ಪ್ರವೇಶದ ಮಸೂದೆ ತಂದರು. ನಮ್ಮ ಮಂಗಳೂರು, ಬಳ್ಳಾರಿಯೂ ಆಗ ಆ ಪ್ರಾಂತದಲ್ಲೇ ಇದ್ದವು. ಆಗ ಅಲ್ಲಿ ಪ್ರಧಾನಿ ಯಾರು? ಇದೇ ರಾಜಾಜಿ. ವಾಪಸ್ಸು ತಗೊಳ್ಳಿ ಅಂದರು, ರಾಜಾ ಒಪ್ಪಲಿಲ್ಲ, ಓಟಿಗೆ ಹಾಕಿ ಸೋಲಿಸಿದರು. ಕಾಂಗ್ರೆಸ್ಸಿನ ಟಿಕೆಟ್ಟಿನಲ್ಲಿ ಮೀಸಲು ಕುರ್ಚಿ ಗೆದ್ದು ಬಂದಿದ್ದ ನಮ್ಮವರು ಪಕ್ಷದ ಜೊತೆ ಹೋದರು ಅಂತ ಬಾಬಾಸಾಹೇಬರು ನೋವಿನಿಂದ ಬರೆದಿದ್ದಾರೆ. ಗುಡಿಗೆ ಹೋಗಬೇಕಾ ಬೇಡವಾ ಅನ್ನೋದು ಬೇರೆ ಮಾತು, ನನಗಂತೂ ಬೇಕಿಲ್ಲ. ಆದರೆ ನಮ್ಮ ಕೈಯಿಂದಲೇ ನಮ್ಮ ಬಾಗಿಲು ಮುಚ್ಚಿಸಿದ ಆ ವಿದ್ಯೆ ಇದೆಯಲ್ಲ, ಅದು ಇವತ್ತಿಗೂ ನಡೀತಿದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲಂತೂ ವಿಪ್ ಮೀರಿದರೆ ಕುರ್ಚಿಯೇ ಹೋಗುತ್ತೆ.

ಈಗ ನಮ್ಮ ಕಾಲಕ್ಕೆ ಬನ್ನಿ. ಆ ನಾಲ್ವರ ಪಟ್ಟಿಯನ್ನು ಈಗ ಯಾರು ಮಾಡ್ತಾರೆ? 2024ರ ಕೋಲಾರ ನೋಡಿ. ಕೆ.ಎಚ್. ಮುನಿಯಪ್ಪನವರು 1991ರಿಂದ 2014ರವರೆಗೆ ಸತತ ಏಳು ಸಲ ಗೆದ್ದ ಕ್ಷೇತ್ರ. ಅವರು ತಮ್ಮ ಅಳಿಯನಿಗೆ ಟಿಕೆಟ್ಟು ಕೇಳಿದರು (ಏಳು ಸಲ ಗೆದ್ದ ಮೇಲೆ ಕ್ಷೇತ್ರ ಮನೆಯ ಆಸ್ತಿ ಅಂತ ಅನ್ನಿಸಿರಬೇಕು, ಈ ರೋಗ ನಮ್ಮವರಿಗೂ ಹತ್ತಿದೆ). ಆ ಮನೆಗೆ ಟಿಕೆಟ್ಟು ಕೊಟ್ಟರೆ ರಾಜೀನಾಮೆ ಬಿಸಾಡ್ತೇವೆ ಅಂತ ಮಂತ್ರಿಯೊಬ್ಬರೂ ಸೇರಿ ಜಿಲ್ಲೆಯ ಶಾಸಕರು ಎದ್ದರು. ಎಡಗೈ, ಬಲಗೈ ಅಂತ ನಮ್ಮೊಳಗಿನ ಬಿರುಕಿಗೆ ಕೋಲು ತುರುಕಿ ಆಡಿಸಿದರು. ಕೊನೆಗೆ ಬೆಂಗಳೂರಿನಿಂದ ಮೂರನೆಯವರನ್ನು ತಂದು ನಿಲ್ಲಿಸಿದರು, ಅವರೂ ಸೋತರು, ಜನತಾದಳದ ಮಲ್ಲೇಶ್ ಬಾಬು ಗೆದ್ದರು. ಈ ಇಡೀ ಗಲಾಟೆಯಲ್ಲಿ ಮುಳಬಾಗಿಲಿನ ಒಂದು ಹಟ್ಟಿಯ, ಬಂಗಾರಪೇಟೆಯ ಒಂದು ಕಾಲೋನಿಯ ಜನವನ್ನು ಯಾರಾದರೂ ಒಂದು ಮಾತು ಕೇಳಿದರಾ? ಕೇರಿಯವರಿಗೆ ಇದ್ದ ಕೆಲಸ ಒಂದೇ, ಬೇರೆಯವರು ತಿಕ್ಕಾಡಿ ಮುಗಿಸಿದ ಹೆಸರಿನ ಎದುರು ಬಟನ್ ಒತ್ತೋದು.

ಅದೇ ಕೋಲಾರ ಕ್ಷೇತ್ರದ ಚಿಂತಾಮಣಿ ತಾಲೂಕಿನಲ್ಲಿ ಕಂಬಾಲಪಲ್ಲಿ ಇದೆ. 2000ದ ಮಾರ್ಚ್ 11ರಂದು ಅಲ್ಲಿ ನಮ್ಮ ಏಳು ಜನವನ್ನು ಮನೆಯೊಳಗೆ ಕೂಡಿಹಾಕಿ ಸುಟ್ಟರು. 2006ರಲ್ಲಿ ಕೆಳಕೋರ್ಟು ಆಪಾದಿತರನ್ನೆಲ್ಲ ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ನಿಲ್ಲಲಿಲ್ಲ. ಹೇಗೆ ನಿಲ್ಲಬೇಕು? ಮಾರನೇ ದಿನ ಬದುಕಬೇಕಾದ್ದು ಅದೇ ಊರಲ್ಲಿ. ಅಷ್ಟು ವರ್ಷವೂ ಅದು ಮೀಸಲು ಕ್ಷೇತ್ರ, ಎಂ.ಪಿ. ನಮ್ಮವನೇ. ಎಂ.ಪಿ. ಪೊಲೀಸನಲ್ಲ, ನ್ಯಾಯಾಧೀಶನೂ ಅಲ್ಲ ಅಂತ ನೀವು ಹೇಳಬಹುದು, ಒಪ್ಪಿದೆ. ಆದರೆ ಯೋಚನೆ ಮಾಡಿ. ಕರ್ನಾಟಕದಲ್ಲಿ ನಾವು ಅರ್ಧಕ್ಕಿಂತ ಹೆಚ್ಚು ಇರುವ ಲೋಕಸಭಾ ಕ್ಷೇತ್ರ ಒಂದೂ ಇಲ್ಲ. ಮೀಸಲು ಕ್ಷೇತ್ರದಲ್ಲಿ ನಿಲ್ಲೋರೆಲ್ಲ ನಮ್ಮವರೇ ಆದ್ದರಿಂದ ನಮ್ಮ ಓಟು ನಾಲ್ಕಾರು ಕಡೆ ಹಂಚಿಹೋಗುತ್ತೆ. ಗೆಲ್ಲಿಸೋದು, ಸೋಲಿಸೋದು ಉಳಿದವರ ಓಟು. ಕಂಬಾಲಪಲ್ಲಿಯ ಬೂದಿಯ ಮುಂದೆ ನಿಂತು ಕೊಂದವರ ಜಾತಿಯ ಹೆಸರು ಹಿಡಿದು ಕೂಗಿದ ಎಂ.ಪಿ. ಮುಂದಿನ ಚುನಾವಣೆಯಲ್ಲಿ ಮನೆಯಲ್ಲಿರ್ತಾನೆ. 2019ರಲ್ಲಿ ಚಾಮರಾಜನಗರದಲ್ಲಿ ಗೆಲುವಿನ ಅಂತರ ಬರೀ 1,817 ಓಟು. ನಾಲ್ಕು ಊರಿನ ಗೌಡರು ಮುನಿಸಿಕೊಂಡರೆ ಸಾಕು, ಕಥೆ ಮುಗೀತು.

ಇನ್ನೊಂದು ಕೇಳಿ. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಎಂ.ಪಿ. ಎ. ನಾರಾಯಣಸ್ವಾಮಿ ತಮ್ಮದೇ ಕ್ಷೇತ್ರದ ಪಾವಗಡ ತಾಲೂಕಿನ ಗೊಲ್ಲರಹಟ್ಟಿಗೆ ಹೋದರು. ಜಾತಿಯ ಕಾರಣಕ್ಕೆ ಹಟ್ಟಿಯ ಒಳಗೆ ಬಿಡಲಿಲ್ಲ. ಊರ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತು ವಾಪಸ್ಸು ಬಂದರು. ಗೊಲ್ಲರೂ ಬಡವರೇ, ಅವರ ಹಟ್ಟಿಗೂ ಸರಿಯಾದ ರಸ್ತೆಯಿಲ್ಲ, ಆ ಸಂಕಟ ಬೇರೆ ಬರೆಯಬೇಕು. ಲಕ್ಷಾಂತರ ಓಟಿನಿಂದ ಗೆದ್ದ ಪಾರ್ಲಿಮೆಂಟ್ ಸದಸ್ಯನ ಸ್ಥಿತಿ ಇದು! ಎರಡು ವರ್ಷ ಕಳೆದ ಮೇಲೆ ಅವರೇ ಕೇಂದ್ರದಲ್ಲಿ ಸಾಮಾಜಿಕ ನ್ಯಾಯದ ರಾಜ್ಯ ಮಂತ್ರಿಯಾದರು.

ನಮ್ಮವರು ಏನೂ ಮಾಡಲಿಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತೆ. ಚಿಕ್ಕೋಡಿಯಿಂದ ಬಿ. ಶಂಕರಾನಂದ 1967ರಿಂದ ಏಳು ಸಲ ಗೆದ್ದು ಕೇಂದ್ರದಲ್ಲಿ ಮಂತ್ರಿಯಾದರು. ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು 2014ರಿಂದ ಐದು ವರ್ಷ ಲೋಕಸಭೆಯಲ್ಲಿ ಕಾಂಗ್ರೆಸ್ಸಿನ ನಾಯಕರಾಗಿ ಎದೆ ಸೆಟೆಸಿ ಮಾತಾಡಿದ್ದನ್ನು ಎಲ್ಲರೂ ಕೇಳಿದ್ದೇವೆ. ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ಬಂದದ್ದು 2012ರ ಸಂವಿಧಾನ ತಿದ್ದುಪಡಿಯಿಂದ, ಅದರಲ್ಲಿ ಅವರ ದುಡಿಮೆ ದೊಡ್ಡದು. ಅದು ಲಿಂಗಾಯತರಿಗೂ ಬೇಕಿತ್ತು, ಕುರುಬರಿಗೂ ಬೇಕಿತ್ತು, ಮುಸ್ಲಿಮರಿಗೂ ಬೇಕಿತ್ತು, ನಮಗೂ ಬೇಕಿತ್ತು. ಎಲ್ಲ ಜಾತಿಗೂ ಬೇಕಾದ್ದನ್ನು ಕೇಳಿದಾಗ ಮೀಸಲು ಎಂ.ಪಿ.ಯ ನಾಲಿಗೆಗೆ ಬಲ ಬರುತ್ತೆ. ಕೇರಿಗೆ ಮಾತ್ರ ಬೇಕಾದ್ದನ್ನು ಕೇಳಬೇಕಾದಾಗ ಅದೇ ನಾಲಿಗೆ ಭಾರವಾಗುತ್ತೆ. 2019ರಲ್ಲಿ ಅಂಥ ಖರ್ಗೆಯವರೇ 95 ಸಾವಿರಕ್ಕೂ ಹೆಚ್ಚು ಓಟಿನಿಂದ ಸೋತರು.

ಇನ್ನು ನಾವು ಬದುಕುತ್ತಿರುವ ಪಶ್ಚಿಮ ಬೆಂಗಳೂರಿನ ಕಥೆ. ರಾಜಾಜಿನಗರ ಬೆಂಗಳೂರು ಕೇಂದ್ರಕ್ಕೆ ಸೇರಿದೆ, ವಿಜಯನಗರ ದಕ್ಷಿಣಕ್ಕೆ, ಕೆಂಗೇರಿ ಯಶವಂತಪುರದ ಜೊತೆ ಉತ್ತರಕ್ಕೆ. ಒಂದು ಗಂಟೆಯ ಬಸ್ಸಿನ ದಾರಿಯಲ್ಲಿ ಮೂರು ಲೋಕಸಭಾ ಕ್ಷೇತ್ರ ದಾಟ್ತೀರಿ. ಮೂರೂ ಜನರಲ್ಲು. 1952ರಿಂದ ಇವತ್ತಿನವರೆಗೆ ಬೆಂಗಳೂರಿನ ಯಾವ ಲೋಕಸಭಾ ಕುರ್ಚಿಯೂ ಪರಿಶಿಷ್ಟ ಜಾತಿಗೆ ಮೀಸಲಾಗಿಲ್ಲ. ಬೆಳಗಿನ ಐದು ಗಂಟೆಗೆ ಬಸವೇಶ್ವರನಗರದ ಬೀದಿ ಗುಡಿಸೋ ತಾಯಂದಿರು ನಮ್ಮವರು. ಬಸವಣ್ಣನ ಹೆಸರಿನ ಬಡಾವಣೆ, ಪೊರಕೆ ಮಾತ್ರ ಹರಳಯ್ಯನ ಮಕ್ಕಳ ಕೈಯಲ್ಲಿ.

ಈ ಜನರಲ್ ಕ್ಷೇತ್ರದ ಎಂ.ಪಿ. ನಮಗೆ ಏನಾಗಬೇಕು? ಕಾನೂನು ಪ್ರಕಾರ ಅವನು ನಮಗೂ ಎಂ.ಪಿ.ಯೇ. ನಾನು ಓದುವಾಗ ಸ್ಕಾಲರ್‌ಶಿಪ್ಪು ಬಾರದೆ ಹದಿನಾಲ್ಕು ತಿಂಗಳಾಗಿತ್ತು, ಕಾಲೇಜಿನವರು ಫೀಸು ಕಟ್ಟದೆ ಹಾಲ್ ಟಿಕೆಟ್ಟು ಇಲ್ಲ ಅಂದಿದ್ದರು. ನಾವು ಒಂಬತ್ತು ಜನ ಅರ್ಜಿ ಹಿಡಿದು ಒಬ್ಬ ಎಂ.ಪಿ. ಆಫೀಸಿಗೆ ಹೋದೆವು. ಒಳಗಿದ್ದ ಸಹಾಯಕ ಅರ್ಜಿಯ ಮೇಲಿನ ಮೂರು ಸಾಲು ಓದಿ, "ಎಸ್ಸಿ ಸ್ಕಾಲರ್‌ಶಿಪ್ಪಾ? ನಿಮ್ಮವರೇ ಎಂ.ಪಿ.ಗಳಿದ್ದಾರಲ್ಲಪ್ಪ, ಅವರ ಹತ್ರ ಹೋಗಿ" ಅಂದ. ದನಿಯಲ್ಲಿ ಸಿಟ್ಟೇನಿರಲಿಲ್ಲ, ಕೌಂಟರ್ ಬದಲಾಯಿಸಿ ಅಂತ ಹೇಳುವ ಹಾಗೆ ಹೇಳಿದ. 1961ರಲ್ಲಿ ಕಟ್ಟಿದ ಗೋಡೆ ಅಂದೆನಲ್ಲ, ಅದಕ್ಕೆ ಅವತ್ತು ನಾವು ಹಣೆ ಜಜ್ಜಿಕೊಂಡು ಬಂದೆವು. ರಾಜ್ಯದ ಜನರಲ್ ಕ್ಷೇತ್ರಗಳು 21. ನಮ್ಮ ಜನ ಬಹುಪಾಲು ಬದುಕೋದು ಈ 21ರಲ್ಲೇ. ಅಲ್ಲಿನ ಎಂ.ಪಿ.ಗಳು ನಮ್ಮ ಓಟು ತಗೊಂಡು ನಮ್ಮ ಅರ್ಜಿಯನ್ನು ಕೋಲಾರಕ್ಕೆ ಕಳಿಸ್ತಾರೆ.

ಆ ಸ್ಕಾಲರ್‌ಶಿಪ್ಪಿನ ಕಥೆ ಏನು ಗೊತ್ತಾ? ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕೇಂದ್ರ ತನ್ನ ಪಾಲನ್ನು ವರ್ಷ ವರ್ಷ ಸವೆಸುತ್ತಾ ಬಂದು ಹೊರೆಯನ್ನು ರಾಜ್ಯಗಳ ತಲೆಗೆ ಹಾಕಿತ್ತು. ಗಲಾಟೆಯಾದ ಮೇಲೆ 2020ರ ಡಿಸೆಂಬರಿನಲ್ಲಿ ಕೇಂದ್ರ 60, ರಾಜ್ಯ 40 ಅಂತ ಗೊತ್ತು ಮಾಡಿ, ಐದು ವರ್ಷಕ್ಕೆ 59,048 ಕೋಟಿ ಅಂತ ಸಂಪುಟ ತೀರ್ಮಾನಿಸಿತು. ಆ ನಡುವಿನ ವರ್ಷಗಳಲ್ಲಿ ಓದು ಬಿಟ್ಟು ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋದವರು ನಿಮ್ಮ ನಿಮ್ಮ ಊರಿನಲ್ಲಿ ಎಷ್ಟು ಜನ ಅಂತ ನೀವೇ ಎಣಿಸಿ.

ನಮ್ಮೊಳಗಿನ ಲೆಕ್ಕವನ್ನೂ ಮುಚ್ಚಿಡೋದು ಬೇಡ. ಮೀಸಲು ಕ್ಷೇತ್ರಗಳ ಪಟ್ಟಿ ತೆಗೆದು 1952ರಿಂದ ನೋಡಿದರೆ, ಪರಿಶಿಷ್ಟ ಜಾತಿಯ ಕುರ್ಚಿಯಿಂದ ಲೋಕಸಭೆಗೆ ಹೋದ ಹೆಣ್ಣುಮಗಳು ಒಬ್ಬರೇ, 1996ರಲ್ಲಿ ಚಿಕ್ಕೋಡಿಯಿಂದ ರತ್ನಮಾಲಾ ಸವಣೂರ. ಇದಕ್ಕೆ ಮೇಲ್ಜಾತಿಯವರನ್ನು ಮಾತ್ರ ದೂರಬೇಡಿ. ಮಾದಿಗ, ಹೊಲೆಯ, ಭೋವಿ, ಲಂಬಾಣಿ, ಕೊರಚ, ಕೊರಮ ಅಂತ 101 ಜಾತಿಗಳಲ್ಲಿ ದಿಲ್ಲಿಯ ಮುಖವನ್ನೇ ನೋಡದ ಜಾತಿಗಳೇ ಹೆಚ್ಚು. ಅದೇ ಚಿಕ್ಕೋಡಿ 2009ರಿಂದ ಜನರಲ್ ಆಗಿದೆ. 2024ರಲ್ಲಿ ಅಲ್ಲಿಂದ ಗೆದ್ದದ್ದು ಪರಿಶಿಷ್ಟ ಪಂಗಡದ ಪ್ರಿಯಾಂಕಾ ಜಾರಕಿಹೊಳಿ. ದೊಡ್ಡ ಮನೆತನ, ದುಡ್ಡಿನ ಬಲ, ಎಲ್ಲ ನಿಜ. ಆದರೂ ಸೂರಿ ದೊರ ದಾಟಿದ ಗೆರೆಯನ್ನು ಇಲ್ಲೂ ದಾಟಬಹುದು ಅಂತ ಆಯಿತಲ್ಲ.

"ಹಾಗಾದರೆ ಮೀಸಲು ಕ್ಷೇತ್ರವೇ ಬೇಡ ಅಂತೀಯಾ?" ಅಂತ ಕೇಳ್ತೀರಿ. ಬಾಬಾಸಾಹೇಬರ ಷೆಡ್ಯೂಲ್ಡ್ ಕ್ಯಾಸ್ಟ್ಸ್ ಫೆಡರೇಷನ್ 1955ರಲ್ಲೇ ಶಾಸನಸಭೆಗಳ ಮೀಸಲು ಕುರ್ಚಿ ಸಾಕು ಅಂತ ನಿರ್ಣಯ ಮಾಡಿತ್ತು. ಈ ರೀತಿ ಆರಿಸಿದ ಕುರ್ಚಿ ಕೇರಿಯ ಕೈಗೆ ಸಿಗೋದಿಲ್ಲ ಅಂತ 1952ರ ಮುಂಬೈ, 1954ರ ಭಂಡಾರ, ಎರಡು ಸೋಲು ಅವರಿಗೆ ತೋರಿಸಿಕೊಟ್ಟಿದ್ದವು. ನಾನು ಅಷ್ಟು ದೂರ ಹೋಗೋದಿಲ್ಲ. ಇವತ್ತು ಅದನ್ನು ತೆಗೆದರೆ 28ಕ್ಕೆ 28ನ್ನೂ ಎರಡು ಮೂರು ಜಾತಿಗಳು ಹಂಚಿಕೊಂಡು ಏಳ್ತವೆ. ಕುರ್ಚಿ ಇರಲಿ. ಅದಕ್ಕೆ ಯಾರನ್ನು ಕೂರಿಸಬೇಕು ಅನ್ನೋ ಜರಡಿ ನಮ್ಮ ಕೈಗೆ ವಾಪಸ್ಸು ಬರಲಿ. ನಾಲ್ವರನ್ನು ನಾವೇ ಆರಿಸಿ ಕೊಡುವ 1932ರ ಆ ಏರ್ಪಾಡನ್ನು ಮತ್ತೆ ಕೇಳಬೇಕು ಅನ್ನೋದೇ ನನ್ನ ವಾದ. ಪಕ್ಷಗಳಿಗೆ ಮನಸ್ಸಿದ್ದರೆ ಕಾನೂನು ಬರೋವರೆಗೂ ಕಾಯಬೇಕಿಲ್ಲ, ಟಿಕೆಟ್ಟು ಕೊಡೋ ಮೊದಲು ಕೇರಿಕೇರಿಯಲ್ಲಿ ಓಟು ಹಾಕಿಸಲಿ.

ಇದನ್ನು ಈಗ ಯಾಕೆ ಹೇಳ್ತಿದ್ದೇನೆ ಅಂದರೆ, ಕ್ಷೇತ್ರಗಳನ್ನು ಮತ್ತೆ ಕೊಯ್ಯೋ ಕತ್ತಿ ಮಸೀತಿದ್ದಾರೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅಂತ ದಿನ ಗೊತ್ತು ಮಾಡಿದ್ದಾರೆ, ಅದರಲ್ಲಿ ಜಾತಿಯನ್ನೂ ಎಣಿಸ್ತಾರೆ. ಹತ್ತು ವರ್ಷಕ್ಕೆ ಅಂತ ಶುರುವಾಗಿ ಹತ್ತು ಹತ್ತು ವರ್ಷ ಉದ್ದ ಮಾಡಿಕೊಂಡು ಬಂದ ಮೀಸಲು ಕುರ್ಚಿಯ ಗಡುವು 104ನೇ ತಿದ್ದುಪಡಿ ಪ್ರಕಾರ 2030ರ ಜನವರಿಗೆ ಮುಗಿಯುತ್ತೆ. ಹೆಂಗಸರಿಗೆ ಮೂರರಲ್ಲಿ ಒಂದು ಅಂತ 2023ರಲ್ಲಿ ಮಾಡಿದ ತಿದ್ದುಪಡಿಯನ್ನೂ ಇದೇ ಗಣತಿ, ಇದೇ ವಿಂಗಡಣೆಗೆ ಗಂಟು ಹಾಕಿ ಪಾಸು ಮಾಡಿದರು. ಎಲ್ಲ ಒಟ್ಟಿಗೆ ಬಂದು ಬೀಳುತ್ತಿದೆ. ಈಗ ಬಾಯಿ ಬಿಡದಿದ್ದರೆ ಇನ್ನು ಇಪ್ಪತ್ತೈದು ವರ್ಷ ಬೇರೆಯವರು ಕೊಯ್ದ ನಕ್ಷೆಯಲ್ಲಿ ಇರಬೇಕಾಗುತ್ತೆ.

ಆದ್ದರಿಂದ ದಕ್ಷಿಣದ ಪಾಲಿನ ಸಭೆಗೆ ಕರೆದರೆ ಹೋಗಿ. ಅವರು ಬರೆದುಕೊಟ್ಟ ಫಲಕ ಹಿಡಿಯಬೇಡಿ, ನಿಮ್ಮದನ್ನು ನೀವೇ ಬರೆದುಕೊಂಡು ಹೋಗಿ. ವೇದಿಕೆಯ ಮೇಲಿರೋರನ್ನು ಕೇಳಿ: ದಿಲ್ಲಿ ಕರ್ನಾಟಕವನ್ನು ಕೇಳದೆ ನಕ್ಷೆ ಕೊಯ್ಯಬಾರದು ಅಂತೀರಲ್ಲ, ನೀವು ಕೇರಿಯನ್ನು ಕೇಳದೆ ಮೀಸಲು ಅಭ್ಯರ್ಥಿಯನ್ನು ಆರಿಸಬಹುದಾ? ಮೈಕು ಕೊಡದಿದ್ದರೆ ಪಲಾವು ಅಲ್ಲೇ ಬಿಟ್ಟು ಎದ್ದು ಬನ್ನಿ.

ಇನ್ನೊಂದು ಕೆಲಸ ಇದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಲೋಕಸಭೆಯಲ್ಲಿ ಯಾವ ಸದಸ್ಯ ಯಾವ ದಿನ ಏನು ಪ್ರಶ್ನೆ ಕೇಳಿದ ಅನ್ನೋದು ಎಲ್ಲರಿಗೂ ಸಿಗುವ ದಾಖಲೆ. ನಮ್ಮಲ್ಲಿ ಹೆಚ್ಚಿನವರ ಊಟ ಇಲ್ಲಿ, ಓಟು ಊರಲ್ಲಿ. ಕೋಲಾರದ ಹುಡುಗರು ಕೋಲಾರದ್ದು, ಚಾಮರಾಜನಗರದವರು ಅಲ್ಲಿಯದು, ಚಿತ್ರದುರ್ಗ, ವಿಜಯಪುರ, ಕಲಬುರಗಿಯವರು ಅವರವರದ್ದು ತೆಗೆದು ನೋಡಿ. ಹಾಸ್ಟೆಲು, ಸ್ಕಾಲರ್‌ಶಿಪ್ಪು, ದೌರ್ಜನ್ಯ, ಪೌರಕಾರ್ಮಿಕರು, ಭೂಮಿ, ಇವುಗಳ ಮೇಲೆ ಎಷ್ಟು ಪ್ರಶ್ನೆ ಬಿದ್ದಿವೆ ಅಂತ ಬರೆದುಕೊಳ್ಳಿ. ಇಲ್ಲೇ ಓಟಿರುವವರು ಬೆಂಗಳೂರಿನ ಮೂರೂ ಎಂ.ಪಿ.ಗಳದ್ದನ್ನು ನೋಡಿ, ಅವರನ್ನಂತೂ ಬಿಡಲೇಬೇಡಿ. ಲೆಕ್ಕ ಮುಂದಿನ ಸಭೆಗೆ ತನ್ನಿ. ಹೆಸರು ಸಮೇತ ಇದೇ ಹಾಳೆಯಲ್ಲಿ ಅಚ್ಚು ಹಾಕೋಣ, ಸೊನ್ನೆ ಬಂದವರ ಮುಂದೆ ಸೊನ್ನೆ ಅಂತಲೇ ಹಾಕೋಣ.